ಹೊಸ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಕಂಪನಿಯದ್ದಾ, ಡೀಲರಿನದ್ದಾ, ಬೇಡವೇ ಬೇಡವಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರು ಕಂಪನಿಯೇ ಕೊಡುವ ಎಕ್ಸ್‌ಟೆಂಡೆಡ್ ವಾರಂಟಿಗೆ. ಕಾರಿನ ಜೊತೆ ಬರುವ ಮೂಲ ವಾರಂಟಿ ಮುಗಿದ ಮೇಲಿನ ವರ್ಷಗಳಿಗೆ ದುಡ್ಡು ಕೊಟ್ಟು ತೆಗೆಯುವ ವಾರಂಟಿ ಅದು. ಡೀಲರ್ ತನ್ನ ಹೆಸರಿನಲ್ಲಿ ಕೊಡುವ ಪ್ಲಾನ್ ಅರ್ಧ ಬೆಲೆಗೆ ಸಿಕ್ಕಿದರೂ ನನಗೆ ಬೇಡ. ಯಾವ ವಾರಂಟಿಯೂ ಬೇಡ, ಆ ದುಡ್ಡು ಬ್ಯಾಂಕಿನಲ್ಲಿ ಇಟ್ಟರೆ ಸಾಕು ಅನ್ನುವವರೂ ಇದ್ದಾರೆ. ಅವರ ಮಾತು ಪೂರ್ತಿ ತಪ್ಪಲ್ಲ, ಆದರೆ ನಮ್ಮಂಥ ಮನೆಗಳಲ್ಲಿ ಅದು ನಡೆಯುವುದು ಕಷ್ಟ. ಈ ಮೂರೂ ನಮ್ಮ ಅಂಗಳದಲ್ಲೇ ಆಗಿ ಹೋಗಿದೆ. ಅಣ್ಣನ ಕಾರಿಗೆ ಡೀಲರ್ ಪ್ಲಾನ್ ಇತ್ತು, ನನ್ನ ಕಾರಿಗೆ ಕಂಪನಿಯದ್ದು ಇದೆ, ಹೆಂಡತಿಯ ಸ್ಕೂಟರಿಗೆ ಏನೂ ಇಲ್ಲ. ಮೂರರ ಹಿಂದೆಯೂ ಓಡಾಡಿದವನು ನಾನೇ.

ನಮ್ಮದು ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮನೆ. ಕಾಸರಗೋಡು ಪೇಟೆಗೆ ಸುಮಾರು 20 ಕಿಲೋಮೀಟರ್, ಮಂಗಳೂರಿಗೆ 50ರ ಆಸುಪಾಸು. ಗಡಿಯವರಿಗೆ ಕಾರು ತೆಗೆಯುವಾಗ ಯಾವಾಗಲೂ ಎರಡು ದಾರಿ. ಕಾಸರಗೋಡಿನ ಶೋರೂಮಿಗೆ ಹೋಗಬಹುದು, ಇಲ್ಲ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗಬಹುದು. ಓಣಂ ಹತ್ತಿರ ಬಂದಾಗ ಇಲ್ಲಿಯ ಆಫರ್ ನೋಡುತ್ತೇವೆ, ದೀಪಾವಳಿಗೆ ಅಲ್ಲಿಯ ಆಫರ್ ನೋಡುತ್ತೇವೆ. ಮಂಗಳೂರಿನಲ್ಲಿ ತೆಗೆದರೆ ತಾತ್ಕಾಲಿಕ ನಂಬರಿನಲ್ಲಿ ತಂದು ಇಲ್ಲಿ ಕಾಸರಗೋಡಿನ ಕೆಎಲ್ 14 ನಂಬರ್ ಮಾಡಿಸಬೇಕು, ಯಾಕೆಂದರೆ ಮನೆ ಯಾವ ರಾಜ್ಯದಲ್ಲೋ ಗಾಡಿ ಅಲ್ಲಿಯೇ ರಿಜಿಸ್ಟರ್ ಆಗಬೇಕು. ಅಷ್ಟು ತಾಪತ್ರಯ ಇದ್ದರೂ ನಮ್ಮವರು ತುಂಬಾ ಜನ ಅಲ್ಲಿಗೇ ಹೋಗುತ್ತಾರೆ. ಕನ್ನಡದಲ್ಲೋ ತುಳುವಿನಲ್ಲೋ ಚೌಕಾಶಿ ಮಾಡಬಹುದು, ಅಪ್ಪನಂಥವರಿಗೆ ಅದೇ ದೊಡ್ಡ ಸಮಾಧಾನ. ಕಾಗದ ಪತ್ರ ಮಾತ್ರ ಎರಡೂ ಕಡೆ ಇಂಗ್ಲಿಷಿನಲ್ಲೇ ಇರುತ್ತದೆ, ಅದರ ಹಿಂದಿನ ಪುಟ ಯಾರೂ ಓದುವುದಿಲ್ಲ.

ಇನ್ನೊಂದು ವಿಷಯ. ಹಳೆಯ ಕಾಲದ ಸಲಹೆ ಈಗ ಹಾಗೇ ಹೊಂದುವುದಿಲ್ಲ. ಮಾರುತಿಯವರು 2024ರ ಜುಲೈಯಲ್ಲಿ ಮೂಲ ವಾರಂಟಿಯನ್ನು 2 ವರ್ಷ, 40,000 ಕಿಲೋಮೀಟರಿನಿಂದ 3 ವರ್ಷ, 1 ಲಕ್ಷ ಕಿಲೋಮೀಟರಿಗೆ ಏರಿಸಿದರು. ಬೇರೆ ಕೆಲವು ಕಂಪನಿಗಳು ಅದಕ್ಕಿಂತ ಮುಂಚೆಯೇ 3 ವರ್ಷ ಕೊಡುತ್ತಿದ್ದವು. ಹಾಗಾಗಿ ಈಗ ನೀವು ದುಡ್ಡು ಕೊಡುವುದು ಹೆಚ್ಚಾಗಿ 4ನೇ ಮತ್ತು 5ನೇ ವರ್ಷಕ್ಕೆ. ಅಣ್ಣನ ಕಾಲದಲ್ಲಿ ಅದು 3ನೇ ವರ್ಷದಿಂದಲೇ ಶುರುವಾಗುತ್ತಿತ್ತು.

ಈಗ ಅಣ್ಣನ ಕಾರಿನ ಕತೆ. ಸ್ವಲ್ಪ ಉದ್ದ ಇದೆ.

ಅಣ್ಣ ಕಾರು ತೆಗೆದದ್ದು ಮಂಗಳೂರಿನಲ್ಲಿ. ಬಿಲ್ ಮಾಡುವಾಗ ಸೇಲ್ಸಿನ ಹುಡುಗ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ ಕೇಳಿದ. ಅಣ್ಣ ರೇಟು ಜಾಸ್ತಿ ಆಯಿತು ಅಂದ. ಹುಡುಗ ಒಳಗೆ ಹೋಗಿ ಬಂದು, ಹಾಗಾದರೆ ನಮ್ಮದೇ ಒಂದು ಪ್ಲಾನ್ ಇದೆ ಸರ್, ಎಲ್ಲಾ ಸೇಮ್, ರೇಟು ಮಾತ್ರ ಕಮ್ಮಿ ಅಂದ. ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು ಕೊಟ್ಟರು. ಮೇಲೆ ಕಾರಿನ ಚಿತ್ರ, ಮಾಡೆಲ್ ಹೆಸರು, ಅದರ ಕೆಳಗೆ ಶೋರೂಮಿನ ಹೆಸರು ದಪ್ಪ ಅಕ್ಷರದಲ್ಲಿ. ಅಣ್ಣ ಅದನ್ನು ಆರ್‌ಸಿ ಇಡುವ ಕವರಿನಲ್ಲೇ ಸೇರಿಸಿ ಇಟ್ಟ.

ಮೂರನೇ ವರ್ಷ, ವಿಷು ಕಳೆದ ಮೇಲಿನ ಸೆಕೆಯಲ್ಲಿ ಎಸಿ ತಣ್ಣಗಾಗುವುದು ನಿಂತಿತು. ಮೊದಲು ಗ್ಯಾಸ್ ಹೋಗಿರಬೇಕು ಅಂದುಕೊಂಡೆವು. ಎಸಿ ಆನ್ ಮಾಡಿದರೆ ಬಾನೆಟ್ಟಿನೊಳಗಿನಿಂದ ಕಲ್ಲು ಅರೆದ ಹಾಗೆ ಶಬ್ದ. ಕಾಸರಗೋಡಿನಲ್ಲಿ ಅದೇ ಕಂಪನಿಯ ವರ್ಕ್‌ಶಾಪ್ ಇದೆ, ಅಲ್ಲಿಗೆ ಒಯ್ದೆ. ಕಂಪ್ರೆಸರ್ ಹೋಗಿದೆ ಅಂದರು. ವಾರಂಟಿ ಇದೆಯಲ್ಲ, ಮಾಡಿ ಅಂದೆ. ಕೌಂಟರಿನ ಹುಡುಗ ಚಾಸಿ ನಂಬರ್ ಹೊಡೆದು ನೋಡಿದ, ಮತ್ತೊಮ್ಮೆ ಹೊಡೆದ, ಆಮೇಲೆ ಮಾನಿಟರನ್ನೇ ನನ್ನ ಕಡೆ ತಿರುಗಿಸಿದ. ಮೂಲ ವಾರಂಟಿ ಮುಗಿದ ತಾರೀಕು ಕೆಂಪು ಅಕ್ಷರದಲ್ಲಿ ಇತ್ತು. ಅದರ ಕೆಳಗಿನ ಸಾಲು ಖಾಲಿ. 'ಇದ್ ನಮ್ಮಳೆ ಸಿಸ್ಟತ್ತಿಲ್ ಇಲ್ಲ ಚೇಟ್ಟಾ' ಅಂದ, ಇದು ನಮ್ಮ ಸಿಸ್ಟಮಿನಲ್ಲಿ ಇಲ್ಲ ಅಣ್ಣಾ ಅಂತ. ನಾನು ಕಾರ್ಡು ತೋರಿಸಿದೆ. ಅವನು ಅದನ್ನು ತಿರುವಿ, ಕೆಳಗಿನ ತುದಿಯ ಒಂದು ಸಾಲಿನ ಮೇಲೆ ಬೆರಳಿಟ್ಟ. ಅಕ್ಕಿ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬೇರೆಯೇ ಒಂದು ಕಂಪನಿಯ ಹೆಸರಿತ್ತು, ಕಾರು ಮಾಡಿದವರದ್ದಲ್ಲ. ಜೊತೆಗೆ, ರಿಪೇರಿ ಆ ಡೀಲರಿನ ವರ್ಕ್‌ಶಾಪಿನಲ್ಲೇ ಆಗಬೇಕು ಅಂತ ಇತ್ತು.

ಮಂಗಳೂರಿಗೆ ಫೋನ್ ಮಾಡಿದೆ. ಕಾಸರಗೋಡಿನಲ್ಲೇ ಮಾಡಿಸಿ ಬಿಲ್ ಕಳಿಸಿದರೆ ಆಗುವುದಿಲ್ಲವಾ ಕೇಳಿದೆ. ಆಗುವುದಿಲ್ಲ, 'ಗಾಡಿನ್ ಮುಲ್ಪ ಕನಲೆ ಸರ್' ಅಂದರು, ಗಾಡಿ ಇಲ್ಲಿಗೇ ತನ್ನಿ ಅಂತ. ಸರಿ, ಎಸಿ ಇಲ್ಲದ ಕಾರಿನಲ್ಲಿ, ಗಾಜು ಇಳಿಸಿಕೊಂಡು, ಕುಂಬಳೆಯಲ್ಲಿ ಹೈವೇ ಹತ್ತಿ, ಆರು ಲೇನಿನ ಕೆಲಸದ ಧೂಳು ಕುಡಿಯುತ್ತಾ ತಲಪಾಡಿ ಟೋಲ್ ದಾಟಿ ಹೋದೆ. ಅಲ್ಲಿ ಹೋದರೆ ಅವತ್ತೇ ಕೆಲಸ ಆಗುವುದಿಲ್ಲ. ಮೊದಲು ಪ್ಲಾನ್ ನಡೆಸುವ ಆ ಬೇರೆ ಕಂಪನಿಗೆ ಮೇಲ್ ಹೋಗಬೇಕು, ಅವರ ಕಡೆಯ ಒಬ್ಬರು ಬಂದು ನೋಡಬೇಕು, ಅವರು ಹೂಂ ಅನ್ನುವವರೆಗೆ ಒಂದು ಬೋಲ್ಟನ್ನೂ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಕ್ಲೇಮ್ ಇಲ್ಲ. ಅದು ಕೂಡ ಕಾರ್ಡಿನ ಹಿಂದೆ ಬರೆದಿದೆ.

ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ. ಆಮೇಲೆ ಫೋನ್ ಬಂತು, ಸರ್ವಿಸ್ ಬಿಲ್ಲುಗಳು ಬೇಕು, ಜೆರಾಕ್ಸ್ ನಡೆಯುವುದಿಲ್ಲ. ತಮಾಷೆ ಶುರುವಾದದ್ದು ಇಲ್ಲಿ. ಅಣ್ಣ ಫ್ರೀ ಸರ್ವಿಸ್ ಮಂಗಳೂರಿನಲ್ಲಿ ಮಾಡಿಸಿದ್ದ, ಅದರ ನಂತರದ್ದು ಹತ್ತಿರ ಅಂತ ಕಾಸರಗೋಡಿನಲ್ಲಿ. ಎರಡೂ ಅದೇ ಕಾರು ಕಂಪನಿಯ ಅಧಿಕೃತ ವರ್ಕ್‌ಶಾಪುಗಳೇ. ಆದರೂ ಕಾಸರಗೋಡಿನ ಸರ್ವಿಸ್ 'ನಮ್ಮ ರೆಕಾರ್ಡಿನಲ್ಲಿ ಇಲ್ಲ' ಅಂತ ತಕರಾರು. ನಾನು ಮತ್ತೆ ಕಾಸರಗೋಡಿಗೆ ಹೋಗಿ, ಅಲ್ಲಿಯ ಹುಡುಗನ ಹತ್ತಿರ ಸರ್ವಿಸ್ ಹಿಸ್ಟರಿ ಪ್ರಿಂಟ್ ತೆಗೆಸಿ, ಸೀಲು ಹಾಕಿಸಿ, ಮಂಗಳೂರಿಗೆ ಕಳಿಸಿದೆ. ಆ ಹುಡುಗನಿಗೆ ಇದರಿಂದ ಒಂದು ಪೈಸೆ ಲಾಭ ಇಲ್ಲ, ಆದರೂ ಮುಖ ಸಿಂಡರಿಸದೆ ಮಾಡಿಕೊಟ್ಟ. ಎರಡು ರಾಜ್ಯದ ನಡುವೆ ಕಾಗದ ಹೊತ್ತುಕೊಂಡು ಓಡುವುದು ನಮಗೆ ಹೊಸತಲ್ಲ ಅನ್ನಿ. ರೇಷನ್ ಕಾರ್ಡಿನಿಂದ ಮಾರ್ಕ್ಸ್ ಕಾರ್ಡಿನವರೆಗೆ ಅದೇ ಅಭ್ಯಾಸ.

ಕಡೆಗೆ ಒಪ್ಪಿಗೆ ಬಂತು. ಆದರೆ ಕಂಪ್ರೆಸರಿನ ಪೂರ್ತಿ ದುಡ್ಡಲ್ಲ. ಗಾಡಿಗೆ ಇಷ್ಟು ವಯಸ್ಸಾಗಿದೆ ಅಂತ ಒಂದು ಪಾಲು ಕಡಿತ. ಒಂದು ಕ್ಲೇಮಿಗೆ ಇಷ್ಟೇ ಅಂತ ಒಂದು ಮಿತಿ. ಗ್ಯಾಸ್, ಆಯಿಲ್, ಸಣ್ಣ ರಬ್ಬರ್ ರಿಂಗುಗಳು ನಮ್ಮ ಲೆಕ್ಕ. ಕೂಲಿಯಲ್ಲೂ ಒಂದಿಷ್ಟು ನಮ್ಮದೇ. ಒಟ್ಟು ಬಿಲ್ಲಿನ ಹತ್ತಿರ ಹತ್ತಿರ ಅರ್ಧ ಅಣ್ಣನೇ ಕೊಟ್ಟ. ಹೋಗಿ ಬಂದ ಪೆಟ್ರೋಲು, ಟೋಲು, ಬಸ್ಸು, ತೋಟದ ಕೆಲಸ ಬಿಟ್ಟ ದಿನಗಳು ಎಲ್ಲಾ ಸೇರಿಸಿದರೆ, ಬದಿಯಡ್ಕದಲ್ಲೇ ಎಸಿ ಕೆಲಸ ಮಾಡುವವರ ಹತ್ತಿರ ಸುಮ್ನೆ ದುಡ್ಡು ಕೊಟ್ಟು ಮಾಡಿಸಿದ್ದರೂ ಅಷ್ಟೇ ಆಗುತ್ತಿತ್ತೇನೋ.

ಇದರ ಮೇಲೆ ಇನ್ನೊಂದು. ನಂತರದ ವರ್ಷ ಆ ಡೀಲರ್‌ಶಿಪ್ಪೇ ಕೈ ಬದಲಾಯಿತು. ಹೊಸಬರು, ಆ ಪ್ಲಾನ್ ನಾವು ಮಾರಿದ್ದಲ್ಲ ಅಂದರು. ಕಾರ್ಡು ಈಗಲೂ ಕವರಿನಲ್ಲೇ ಇದೆ.

ಹಾಗಂತ ಡೀಲರ್ ಪ್ಲಾನ್ ಎಲ್ಲಾ ಮೋಸ ಅಂತ ನಾನು ಹೇಳುವುದಿಲ್ಲ. ಏನು ಕೊಡುತ್ತೇವೆ, ಎಲ್ಲಿ ಕೊಡುತ್ತೇವೆ ಅಂತ ಬರೆದೇ ಇರುತ್ತಾರೆ. ಮಂಗಳೂರು ಪೇಟೆಯೊಳಗೆ ಕಂಕನಾಡಿಯಲ್ಲೋ ಕದ್ರಿಯಲ್ಲೋ ಮನೆ ಇದ್ದು, ಪ್ರತಿ ಸರ್ವಿಸಿಗೂ ಅದೇ ವರ್ಕ್‌ಶಾಪಿಗೆ ಹೋಗುವವರಿಗೆ ಇದು ನಡೆದುಹೋಗಬಹುದು. ನಮಗೆ ಆಗುವುದಿಲ್ಲ. ನಾವು ತೆಗೆಯುವುದು ಒಂದು ಕಡೆ, ಸರ್ವಿಸ್ ಇನ್ನೊಂದು ಕಡೆ, ಗಾಡಿ ಕೆಟ್ಟು ನಿಲ್ಲುವುದು ಮೂರನೇ ಕಡೆ. ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಪುತ್ತೂರಿನಲ್ಲೂ ಒಂದೇ ರೀತಿ ನಡೆಯುವ ಕಾಗದ ನಮಗೆ ಬೇಕು.

ಯಾರ ವಾರಂಟಿ ಅಂತ ಗೊತ್ತು ಮಾಡುವುದು ಸುಲಭ. ದುಡ್ಡು ಕೊಟ್ಟ ಮೇಲೆ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಕೊಡುವವರ ಹೆಸರು ಕಾರು ಕಂಪನಿಯದ್ದೇ ಇರಬೇಕು, ನಿಮ್ಮ ಚಾಸಿ ನಂಬರ್, ಶುರುವಾಗುವ ತಾರೀಕು, ಮುಗಿಯುವ ತಾರೀಕು, ಕಿಲೋಮೀಟರ್ ಮಿತಿ ಇರಬೇಕು. ಆಮೇಲೆ ಆ ಊರಿನದ್ದಲ್ಲದ ಬೇರೆ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿ, ಈ ಚಾಸಿ ನಂಬರಿಗೆ ಎಕ್ಸ್‌ಟೆಂಡೆಡ್ ಕಾಣುತ್ತದಾ ಕೇಳಿ. ನನ್ನ ಕಾರು ಮಂಗಳೂರಿನದ್ದು, ಅದಕ್ಕೆ ವಾರಂಟಿ ತೆಗೆದ ಮೇಲೆ ಕಾಸರಗೋಡಿನ ಅದೇ ಹುಡುಗನಿಗೆ ಫೋನ್ ಮಾಡಿದೆ. ಕಾಣುತ್ತದೆ ಅಂದ ಮೇಲೆಯೇ ಮನಸ್ಸಿಗೆ ಸರಿಯಾಯಿತು.

ನನ್ನದಕ್ಕೆ ಹಿಡಿದದ್ದು ಜಿಎಸ್‌ಟಿ ಸೇರಿ 16 ಸಾವಿರದ ಆಸುಪಾಸು. ಹೇಳುವ ರೇಟಿನಲ್ಲಿ 18% ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ, ಕೆಲವರು ಅದನ್ನು ಬಿಲ್ ಮಾಡುವಾಗಲೇ ಹೇಳುವುದು.

ನಾಲ್ಕನೇ ವರ್ಷದಲ್ಲಿ ಅದು ಕೆಲಸಕ್ಕೆ ಬಂತು. ಪೆರ್ಲ ಕಳೆದು ಅಡ್ಕಸ್ಥಳದ ಕಡೆ ಹೋಗುವಾಗ ಒಂದು ತಿರುವಿನಲ್ಲಿ ಸ್ಟೀರಿಂಗ್ ಒಮ್ಮೆಲೇ ಗಟ್ಟಿಯಾಯಿತು. ಮೀಟರಿನಲ್ಲಿ ಹಳದಿ ಸ್ಟೀರಿಂಗ್ ಚಿಹ್ನೆ. ಬದಿಗೆ ನಿಲ್ಲಿಸಿ, ಆಫ್ ಮಾಡಿ ಆನ್ ಮಾಡಿದೆ, ಸರಿಯಾಯಿತು. ಮರುದಿನ ಮನೆಯ ಹತ್ತಿರದ ಏರಿನಲ್ಲಿ ಮತ್ತೆ ಅದೇ. ಈಗಿನ ಕಾರುಗಳಲ್ಲಿ ಪವರ್ ಸ್ಟೀರಿಂಗ್ ನಡೆಸುವುದು ಎಣ್ಣೆಯಲ್ಲ, ಕರೆಂಟಿನ ಮೋಟರ್. ಮೊದಲಿನ ಹಾಗೆ ಸೀಲ್ ಬದಲಿಸಿ, ಎಣ್ಣೆ ತುಂಬಿಸಿ ಕಳಿಸುವ ರಿಪೇರಿ ಅಲ್ಲ, ಹೆಚ್ಚಿನ ಕಡೆ ಇಡೀ ಭಾಗವನ್ನೇ ಬದಲಿಸುತ್ತಾರೆ. ಕಾಸರಗೋಡಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ವಾರಂಟಿ ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಕೇಳಿದೆ. 40 ಸಾವಿರ ದಾಟುತ್ತದೆ ಅಂದರು.

ಅಡ್ವೈಸರ್ ಚಾಸಿ ನಂಬರಿನ ಫೋಟೋ ತೆಗೆದ, ಕಿಲೋಮೀಟರ್ ಮೀಟರಿನ ಫೋಟೋ ತೆಗೆದ, ಕಂಪ್ಯೂಟರಿನಲ್ಲಿ ಏನೋ ತುಂಬಿಸಿದ. ಸರ್ವಿಸ್ ಬಿಲ್ ಒಂದೂ ಕೇಳಲಿಲ್ಲ, ಎಲ್ಲಾ ಅವರ ಸಿಸ್ಟಮಿನಲ್ಲೇ ಇತ್ತು. ಪಾರ್ಟು ಬರಲು ಕಾಯಬೇಕಾಯಿತು, ಅಷ್ಟು ದಿನ ಅಣ್ಣನ ಕಾರಿನಲ್ಲಿ ಓಡಾಡಿದೆ. ಬಂದ ಮೇಲೆ ಬೆಳಿಗ್ಗೆ ಕೊಟ್ಟು ಸಂಜೆ ತಂದೆ. ಬಿಲ್ಲಿನಲ್ಲಿ ಪಾರ್ಟಿನ ಎದುರು ಸೊನ್ನೆ, ಕೂಲಿಯ ಎದುರು ಸೊನ್ನೆ. ವೀಲ್ ಅಲೈನ್‌ಮೆಂಟಿಗೆ ಮಾತ್ರ ದುಡ್ಡು ತೆಗೆದುಕೊಂಡರು. ಅಷ್ಟರಲ್ಲೂ, ಸರ್ ಎಂಜಿನ್ ಡಿಕಾರ್ಬನೈಸಿಂಗ್ ಮಾಡಿಸಿಬಿಡಿ ಅಂತ ಒಂದು ಕೈ ನೋಡಿದರು. ಬೇಡ ಅಂದೆ.

ಇದೇ ಕಂಪನಿ ಪ್ಲಾನಿನ ನಿಜವಾದ ಖರ್ಚು. 16 ಸಾವಿರ ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರಿಗೆ, ಯಾವುದು ಮೊದಲೋ ಅದಕ್ಕೆ, ಕಂಪನಿ ವರ್ಕ್‌ಶಾಪಿನಲ್ಲೇ ಸರ್ವಿಸ್ ಆಗಿರಬೇಕು. ತೋಟದವರ ಕಾರು ಅಷ್ಟೇನೂ ಓಡುವುದಿಲ್ಲ, ಹಾಗಾಗಿ ನಮಗೆ ವರ್ಷವೇ ಮೊದಲು ಬರುತ್ತದೆ. ಅಡಿಕೆ ಕೊಯ್ಲು, ಸುಲಿತ, ಮದುವೆ, ಪೂಜೆ ಅಂತ ತಾರೀಕು ತಪ್ಪುವುದು ತುಂಬಾ ಸುಲಭ. ಪ್ರತಿ ಸಲ ಹೋದಾಗ ಇಂಟೀರಿಯರ್ ಕ್ಲೀನಿಂಗ್, ಆಂಟಿ ರಸ್ಟ್, ಅದು ಇದು ಅಂತ ಜಾಬ್ ಕಾರ್ಡಿನಲ್ಲಿ ಸೇರಿಸುತ್ತಾರೆ. ಸಹಿ ಹಾಕುವ ಮುಂಚೆ ಒಂದೊಂದೇ ಹೊಡೆದು ಹಾಕಿಸಬೇಕು. ಮ್ಯಾನುಯಲ್‌ನಲ್ಲಿ ಹೇಳಿದ ಸರ್ವಿಸ್ ಆದರೆ ಸಾಕು. ಇವೆಲ್ಲ ಮಾಡಿಸದಿದ್ದರೆ ವಾರಂಟಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಬರೆದು ಕೊಡಿ ಅನ್ನಿ, ಕೊಡುವುದಿಲ್ಲ.

ಹೊರಗಿನ ಮೆಕ್ಯಾನಿಕ್ ಹತ್ತಿರ ಮಾಡಿಸಿದರೆ ವಾರಂಟಿ ಹೋಗುತ್ತದಾ ಅನ್ನುವುದು ಹಳೆಯ ಜಗಳ. 2014ರ ಆಗಸ್ಟಿನಲ್ಲಿ ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಕಾಂಪಿಟೀಶನ್ ಕಮಿಷನ್ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿಗೂ ಮೇಲೆ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು ಅಂತಲೂ ಹೇಳಿತು. ಕಂಪನಿಗಳು ಅದರ ಮೇಲೆ ಅಪೀಲು ಹೋದವು. ಸರ್ವಿಸ್ ಕೌಂಟರಿನಲ್ಲಿ ನಿಂತು ಆ ಆದೇಶದ ಬಗ್ಗೆ ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ವಾರಂಟಿ ಇರುವಷ್ಟು ವರ್ಷ ಕಂಪನಿ ವರ್ಕ್‌ಶಾಪ್, ಮುಗಿದ ಮೇಲೆ ಬದಿಯಡ್ಕದ ನಮ್ಮ ಮೆಕ್ಯಾನಿಕ್. ನನ್ನ ಲೆಕ್ಕ ಇಷ್ಟೇ.

ಯಾವ ಪ್ಲಾನಿನಲ್ಲೂ ಬಾರದವು ಇವೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಬಲ್ಬು, ಟೈರು. ಸವೆಯುವುದು ಯಾವುದೂ ಇಲ್ಲ. ಬ್ಯಾಟರಿಗೆ ಬ್ಯಾಟರಿ ಕಂಪನಿಯ ವಾರಂಟಿ ಬೇರೆ. ಮಳೆಗಾಲದಲ್ಲಿ ತೋಡು ತುಂಬಿ ರಸ್ತೆಗೆ ಬಂದ ನೀರಿನಲ್ಲಿ ಗಾಡಿ ಇಳಿಸಿ ಎಂಜಿನ್ನಿಗೆ ನೀರು ಹೋದರೆ ಅದು ವಾರಂಟಿ ಅಲ್ಲ, ಇನ್ಶೂರೆನ್ಸಿನ ವಿಷಯ. ಅದರಲ್ಲೂ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ತೆಗೆದಿರಬೇಕು. ಹಾರ್ನ್, ಫಾಗ್ ಲ್ಯಾಂಪ್ ಅಂತ ಹೊರಗೆ ವಯರ್ ಕತ್ತರಿಸಿ ಹಾಕಿಸಿದರೆ ಕರೆಂಟಿಗೆ ಸಂಬಂಧಪಟ್ಟ ಕ್ಲೇಮಿಗೆಲ್ಲ ಅದನ್ನೇ ನೆಪ ಮಾಡುತ್ತಾರೆ.

ಇಲಿಯ ವಿಷಯ ಬೇರೆಯಾಗಿ ಹೇಳಬೇಕು. ನಮ್ಮಲ್ಲಿ ಕಾರು ನಿಲ್ಲುವುದು ಅಡಿಕೆ, ತೆಂಗಿನಕಾಯಿ ಇಡುವ ಕೊಟ್ಟಗೆಯ ಪಕ್ಕದಲ್ಲಿ. ಮಳೆ ಹಿಡಿದರೆ ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡುತ್ತವೆ. ಎಂಜಿನ್ ಬೆಚ್ಚಗಿರುತ್ತದೆ, ವಯರಿನ ಹೊದಿಕೆ ಕಡಿಯಲು ಚೆನ್ನಾಗಿರುತ್ತದೆ. ಇಲಿ ಕಡಿದದ್ದು ವಾರಂಟಿಯಲ್ಲಿ ಬರುವುದಿಲ್ಲ, ಕಂಪನಿಯದ್ದಾದರೂ ಡೀಲರಿನದ್ದಾದರೂ. ಇನ್ಶೂರೆನ್ಸಿನವರ ಹತ್ತಿರ ಪಾಲಿಸಿ ತೆಗೆಯುವಾಗಲೇ ಕೇಳಿ ಇಟ್ಟುಕೊಳ್ಳಿ. ಅಪ್ಪ ಹೊಗೆಸೊಪ್ಪಿನ ತುಂಡು ಬಟ್ಟೆಯಲ್ಲಿ ಕಟ್ಟಿ ಬಾನೆಟ್ಟಿನೊಳಗೆ ತೂಗುಹಾಕುತ್ತಾರೆ. ಇಲಿ ಹೋಗುತ್ತದೋ ಇಲ್ಲವೋ, ಎಸಿ ಹಾಕಿದರೆ ಕಾರಿನೊಳಗೆ ಎಲೆಯಡಿಕೆ ತಟ್ಟೆಯ ವಾಸನೆ ಬರುತ್ತದೆ.

ಈಗ ಏನೂ ಬೇಡ ಅನ್ನುವವರ ಲೆಕ್ಕ. ತಿಂಗಳಿಗೆ 500ರಂತೆ ಪೋಸ್ಟಾಫೀಸಿನ ಆರ್‌ಡಿಯಲ್ಲಿ ಹಾಕಿದರೆ 6.7% ಬಡ್ಡಿಯಲ್ಲಿ 5 ವರ್ಷಕ್ಕೆ 35,600ರ ಹತ್ತಿರ ಆಗುತ್ತದೆ. ಗಾಡಿ ಕೆಡದಿದ್ದರೆ ಅಷ್ಟೂ ನಿಮ್ಮದೇ, ಕೆಟ್ಟರೆ ಖರ್ಚಿಗೆ ಇದೆ. ಕೇಳಲು ಚೆನ್ನಾಗಿದೆ, ತಪ್ಪೇನೂ ಇಲ್ಲ. ತಿಂಗಳ ಸಂಬಳ ಇರುವವರು, ಕಟ್ಟಿದ ಆರ್‌ಡಿ ಮುಟ್ಟದವರು ಹಾಗೇ ಮಾಡಲಿ. ನಮ್ಮ ಮನೆಯಲ್ಲಿ ದುಡ್ಡು ಬರುವುದು ಅಡಿಕೆ ಕೊಟ್ಟಾಗ, ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ರೇಟು ನೋಡಿಕೊಂಡು. ಉಳಿದ ತಿಂಗಳುಗಳಲ್ಲಿ ಮನೆಯಲ್ಲಿ ಯಾವ ದುಡ್ಡು ಕಂಡರೂ ಅದಕ್ಕೆ ಒಂದು ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಪಂಪಿನ ಮೋಟರ್ ಸುಟ್ಟುಹೋಗುತ್ತದೆ, ಕೊಳೆರೋಗಕ್ಕೆ ಮತ್ತೊಂದು ಸಲ ಮದ್ದು ಬಿಡಬೇಕಾಗುತ್ತದೆ, ಮಕ್ಕಳ ಫೀಸು ಬರುತ್ತದೆ. ಕಾರಿಗೆ ಅಂತ ಇಟ್ಟ ದುಡ್ಡು ಕಾರು ಕೆಡುವ ದಿನ ಉಳಿದಿರುವುದಿಲ್ಲ. ಆಟಿಯಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, 40 ಸಾವಿರದ ಬಿಲ್ಲು ಬಂದರೆ ಸೊಸೈಟಿಯಲ್ಲಿ ಚಿನ್ನ ಇಡಬೇಕು.

ಸ್ಕೂಟರಿಗೆ ಮಾತ್ರ ನಾನು ಏನೂ ತೆಗೆದಿಲ್ಲ. ಅದರಲ್ಲಿ ಹೋಗುವುದು ಬೆಲ್ಟು, ರೋಲರ್, ಬ್ರೇಕ್ ಶೂ, ಬ್ಯಾಟರಿ. ಎಲ್ಲಾ ಸವೆಯುವ ಸಾಮಾನು, ಪ್ಲಾನಿನಲ್ಲಿ ಇಲ್ಲವೇ ಇಲ್ಲ. ದೊಡ್ಡದೇನಾದರೂ ಹೋದರೂ ಕೈಯಿಂದ ಕೊಡಬಹುದಾದ ಮೊತ್ತ. ಎಲೆಕ್ಟ್ರಿಕ್ ಕಾರು ತೆಗೆಯುವವರಿಗೆ ಒಂದು ಮಾತು: ಹೆಚ್ಚಿನವುಗಳ ದೊಡ್ಡ ಬ್ಯಾಟರಿಗೆ ಕಂಪನಿಯೇ 8 ವರ್ಷ ಕೊಡುತ್ತದೆ, ಅದಕ್ಕೆಂದು ಎಕ್ಸ್‌ಟೆಂಡೆಡ್ ತೆಗೆಯುವ ಅಗತ್ಯ ಇಲ್ಲ. ಉಳಿದ ಭಾಗಗಳಿಗೆ ಬೇಕಾ ನೋಡಿ.

ತೆಗೆಯುವುದಾದರೆ ಸಾಲದಲ್ಲಿ ಸೇರಿಸಬೇಡಿ. ಶೋರೂಮಿನವರು ಕಂತಿಗೆ ಬರೀ ಮುನ್ನೂರು ಚಿಲ್ಲರೆ ಸೇರುತ್ತದೆ ಅನ್ನುತ್ತಾರೆ. ಹೌದು, 16 ಸಾವಿರಕ್ಕೆ 9% ಬಡ್ಡಿಯಲ್ಲಿ 5 ವರ್ಷಕ್ಕೆ ತಿಂಗಳಿಗೆ 332 ರೂಪಾಯಿ. ಒಟ್ಟು ಕಟ್ಟುವುದು 19,900ಕ್ಕಿಂತ ಜಾಸ್ತಿ. ಅದೂ ಮೊದಲ 3 ವರ್ಷ ಉಪಯೋಗಕ್ಕೇ ಬಾರದ ಒಂದು ಕಾಗದಕ್ಕೆ. ಹೆಚ್ಚಿನ ಕಂಪನಿಗಳು ಮೂಲ ವಾರಂಟಿ ಮುಗಿಯುವ ಮುಂಚೆ ಯಾವಾಗ ಬೇಕಾದರೂ ಕೊಡುತ್ತವೆ, ತಡ ಮಾಡಿದಷ್ಟು ರೇಟು ಏರುತ್ತದೆ. ಎಷ್ಟು ಏರುತ್ತದೆ ಅಂತ ಕೇಳಿ, ಆ ಏರಿಕೆಯನ್ನೂ ಸಾಲದ ಬಡ್ಡಿಯನ್ನೂ ಹೋಲಿಸಿ. ನಾನು ಡೆಲಿವರಿ ದಿನ ತೆಗೆಯಲಿಲ್ಲ. ಮುಂದಿನ ಅಡಿಕೆ ಕೊಟ್ಟ ಮೇಲೆ, ರೇಟು ಏರುವ ಮುಂಚೆ, ನಗದು ಕೊಟ್ಟು ತೆಗೆದೆ.

ಅದಕ್ಕಿಂತ ಒಳ್ಳೆಯದು ಚೌಕಾಶಿಯಲ್ಲಿ ತೆಗೆಯುವುದು. ಓಣಂ ಆಫರಿನಲ್ಲಿ ಕೆಲವರು ಎಕ್ಸ್‌ಟೆಂಡೆಡ್ ವಾರಂಟಿ ಫ್ರೀ ಅಂತ ಬೋರ್ಡು ಹಾಕುತ್ತಾರೆ. ಯಾರದ್ದು ಅಂತ ಬುಕ್ಕಿಂಗ್ ಫಾರ್ಮಿನಲ್ಲೇ ಬರೆಸಿ. ಫ್ರೀ ಇಲ್ಲದಿದ್ದರೆ, ಟೆಫ್ಲಾನ್ ಕೋಟಿಂಗ್, ಸೀಟ್ ಕವರ್, ಮ್ಯಾಟ್, ಮಡ್ ಫ್ಲ್ಯಾಪ್ ಅಂತ ಅವರು ಕೊಡುವ ಪ್ಯಾಕೇಜ್ ಬೇಡ, ಅದರ ಬದಲು ಕಂಪನಿಯ ವಾರಂಟಿ ಕೊಡಿ ಅನ್ನಿ. ಮ್ಯಾಟು ಕಾಸರಗೋಡಿನಲ್ಲೇ ಸಿಗುತ್ತದೆ.

ಕ್ಲೇಮ್ ತಿರಸ್ಕರಿಸಿದರೆ ಕಾರಣ ಬರೆದು ಕೊಡಲು ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗಡಿಯವರಿಗೆ ಮುಖ್ಯವಾದ ವಿಷಯ ಇದು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಾರು ಮಂಗಳೂರಿನಲ್ಲಿ ತೆಗೆದಿದ್ದರೂ ದೂರನ್ನು ನೀವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಕಾಸರಗೋಡಿನಲ್ಲೇ, ಕೊಡಬಹುದು. 5 ಲಕ್ಷದವರೆಗಿನ ಮೊತ್ತಕ್ಕೆ ಫೀಸು ಇಲ್ಲ. ಡೀಲರ್ ಕೈ ಬದಲಾದಾಗ ನಾನು ಅಣ್ಣನಿಗೆ ಇದನ್ನು ಹೇಳಿದೆ. ಅವನು, ಬಿಡು ಮಾರಾಯಾ, ಆ ದಿನ ನಾಲ್ಕು ಅಡಿಕೆ ಗಿಡಕ್ಕೆ ಗೊಬ್ಬರ ಹಾಕಿದರೆ ಲಾಭ ಅಂದ.

ಯಾರಿಗೆ ಕಂಪನಿ ಪ್ಲಾನೂ ಬೇಡ ಅಂದರೆ, 3-4 ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ. ಮಾರುವಾಗ ವಾರಂಟಿ ಹೊಸ ಮಾಲೀಕನ ಹೆಸರಿಗೆ ಹೋಗುತ್ತದೆ, ಸ್ವಲ್ಪ ರೇಟು ಸಿಗುತ್ತದೆ ಅನ್ನುತ್ತಾರೆ, ಆದರೆ ಕೊಟ್ಟಷ್ಟು ಸಿಗುವುದು ಕಷ್ಟ. ಹಾಗೆಯೇ ಕಂಪನಿ ವರ್ಕ್‌ಶಾಪಿಗೆ ವರ್ಷಕ್ಕೊಮ್ಮೆ ಹೋಗಲು ಉದಾಸೀನ ಇರುವವರಿಗೂ ಬೇಡ, ದುಡ್ಡು ಕೊಟ್ಟು ಕಳೆದುಕೊಂಡ ಹಾಗೆ. ನಾನು ಒಂದು ಕಾರು ತೆಗೆದರೆ ಎಂಟು ಹತ್ತು ವರ್ಷ ಇಡುವವನು, ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಸರ್ವಿಸ್ ಮಾಡಿಸುವವನು. ಗೇರ್ ತಾನಾಗಿ ಬದಲಾಗುವ ಗಾಡಿ, ಟರ್ಬೊ ಇರುವ ಗಾಡಿ, ದೊಡ್ಡ ಸ್ಕ್ರೀನ್ ಇರುವ ಗಾಡಿ ಆದರೆ ಹಿಂದೆಮುಂದೆ ನೋಡದೆ ತೆಗೆಯುತ್ತೇನೆ, ಅಲ್ಲಿ ಒಂದು ಪಾರ್ಟು ಹೋದರೆ ಸಾವಿರದ ಲೆಕ್ಕ ಅಲ್ಲ, ಹತ್ತು ಸಾವಿರದ ಲೆಕ್ಕ.

ನನ್ನ ಕಾರಿಗೆ ಈಗ 5ನೇ ವರ್ಷ ಮುಗಿಯುತ್ತಾ ಬಂದಿದೆ. 6ನೇ ವರ್ಷಕ್ಕೂ ಮುಂದುವರಿಸಬಹುದು ಅಂತ ಕಾಸರಗೋಡಿನಿಂದ ಫೋನ್ ಬಂದಿತ್ತು. ಒಂದೇ ವರ್ಷಕ್ಕೆ ಕೇಳುವ ರೇಟು ಮೊದಲು ಎರಡು ವರ್ಷಕ್ಕೆ ಕೊಟ್ಟದ್ದರ ಹತ್ತಿರ ಹತ್ತಿರ ಇದೆ. ಸ್ಟೀರಿಂಗ್ ಹೊಸತಾಗಿದೆ, ಎಸಿ ಚೆನ್ನಾಗಿದೆ. ಬೇಡ ಅಂದೆ. ಆ ದುಡ್ಡಿಗೆ ನಾಲ್ಕು ಟೈರಿನಲ್ಲಿ ಮೂರಾದರೂ ಬರುತ್ತದೆ, ಟೈರ್ ಹೇಗೂ ಈ ಮಳೆಗೆ ಮುಂಚೆ ಹಾಕಿಸಲೇಬೇಕು.